ಸಾಕ್ಷಿಯಮ್ಮ

ಜೀವಕೋಶಗಳನ್ನು ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆಯುವ ಮುನ್ನ ಅವರು ಒಮ್ಮೆ ಸಣ್ಣಗೆ ಕೆಮ್ಮುತ್ತಿದ್ದರು. ನೆಗಡಿಯದಲ್ಲ, ಗಂಟಲ ಕೆರೆತದ್ದಲ್ಲ. ಪರರ ಮನೆಯ ಹೊಸ್ತಿಲಲ್ಲಿ ನಿಂತು ಒಳಗಿನವರಿಗೆ ತಾವು ಬಂದದ್ದನ್ನು ತಿಳಿಸುವ ಹಿರಿಯರ ಕೆಮ್ಮು ಅದು. ಒಳಗಿದ್ದವೋ, ತಟ್ಟೆಗಳಲ್ಲಿ ನಸುಗೆಂಪು ದ್ರವದಡಿ ಹರಡಿಕೊಂಡ ಇಲಿಯ ಕೋಶಗಳು. "ಅವಕ್ಕೇನು ಕೇಳಿಸುತ್ತಾ ಮೇಡಂ?" ಎಂದು ಯಾರಾದರೂ ನಕ್ಕರೆ, "ನನಗೆ ಕೇಳಿಸುತ್ತಲ್ಲಪ್ಪಾ, ಅಷ್ಟು ಸಾಕು" ಎನ್ನುತ್ತಿದ್ದರು.

ಕೈ ಖಾಲಿಯಿದ್ದಾಗಲೂ ತಟ್ಟೆ ಹೊತ್ತವರಂತೆ ಮೊಣಕೈಗಳನ್ನು ಪಕ್ಕೆಗೊತ್ತಿಕೊಂಡು ಜಾರಿದ ಹಾಗೆ ನಡೆಯುವ ನಡಿಗೆ. ತೊಳೆತೊಳೆದು ತೆಳುವಾದ ಬಿಳಿಯ ಕೋಟು. ಶುದ್ಧಿ ಮಾಡಿಕೊಂಡ ಕೈ ಮರೆತು ಜೇಬಿಗಿಳಿದೀತೆಂದು ಅದರ ಜೇಬುಗಳನ್ನು ತಾವೇ ಹೊಲಿದು ಮುಚ್ಚಿಬಿಟ್ಟಿದ್ದರು. ಪ್ರತಿ ಪ್ರಯೋಗದಲ್ಲೂ ವೈರಸ್ಸು ಸೋಕದ ಒಂದು ತಟ್ಟೆಯನ್ನು ಪಕ್ಕದಲ್ಲಿಡುವುದು ಆ ವಿದ್ಯೆಯ ನಿಯಮ. ಅವರು ಅದನ್ನು ಸಾಕ್ಷಿ ಎಂದು ಕರೆದರು, ಲೋಕ ಅವರನ್ನೇ ಸಾಕ್ಷಿಯಮ್ಮ ಎಂದಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇವರಿಗಾಗಿಯೇ ಹುಟ್ಟಿದ್ದೋ ಏನೋ! ಸೋದರಸೊಸೆಗೆ ಒಳ್ಳೆಯ ಸಂಬಂಧ ಕುದುರಿತೆಂದು ಹೇಳಲು ಹೋದವರಿಗೂ ಅವರು ಕೇಳಿದ್ದು ಅದೇ ಮಾತು: "ಆಯ್ತು, ಪಕ್ಕದ ತಟ್ಟೆ ಏನನ್ನುತ್ತೆ?"

ಆರೋಗ್ಯವಂತ ಕೋಶ ತಟ್ಟೆಯ ತಳದಲ್ಲಿ ಹರಡುತ್ತ ಹೋಗಿ, ನೆರೆಯ ಕೋಶ ತಾಗಿದೊಡನೆ ನಿಂತುಬಿಡುತ್ತದೆ. ಗಡ್ಡೆ ತರುವ ವೈರಸ್ಸು ಒಳಹೊಕ್ಕು ತನ್ನ ವಂಶವಾಹಿಯನ್ನು ಕೋಶದ ವಂಶವಾಹಿಯೊಳಗೆ ಹೆಣೆದುಬಿಟ್ಟಿತೋ, ಆ ಸಂಯಮ ಮುಗಿದಂತೆಯೇ. ಕೋಶಗಳು ಒಂದರ ಮೇಲೊಂದು ಏರಿ ಗುಪ್ಪೆಯಾಗುತ್ತವೆ. ಎಲ್ಲರೂ ಸಾಧುವೆಂದು ಕೈಬಿಟ್ಟಿದ್ದ ಒಂದು ವೈರಸ್ಸೂ ಹೀಗೆ ಮಾಡಬಲ್ಲದೆಂಬ ಗುಮಾನಿಯ ಬೆನ್ನು ಹತ್ತಿ ಸಾಕ್ಷಿಯಮ್ಮ ತಲೆ ನರೆಸಿಕೊಂಡಿದ್ದರು.

ಅಷ್ಟರಲ್ಲಿ ತಂಗಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯ ವಾರ ಇವರು ಆಸ್ಪತ್ರೆಯಲ್ಲಿದ್ದಾಗ ಕೋಶಗಳನ್ನು ನೋಡಿಕೊಂಡವರು ಪಕ್ಕದ ಮೇಜಿನ ಸಹೋದ್ಯೋಗಿ. ಮರಳಿ ಬಂದು ಅವೇ ಕೋಶಗಳಿಗೆ ವೈರಸ್ಸು ಸೋಕಿಸಿದರೆ, ಅಬ್ಬಾ, ಗುಪ್ಪೆಗಳು ಎದ್ದವು! ಸಾಕ್ಷಿಯ ತಟ್ಟೆ ಸಮತಟ್ಟಾಗಿಯೇ ಇತ್ತು. ಯಾವ ಪಾಪದ ಫಲವೋ, ಏನು ತಿಂದೆನೋ ಎಂದು ಹಗಲಿರುಳು ತನ್ನನ್ನೇ ಹಳಿದುಕೊಳ್ಳುತ್ತಿದ್ದ ತಂಗಿಗೆ ಈ ಸುದ್ದಿ ಅಮೃತವಾಯಿತು. "ಹಾಗಾದ್ರೆ ನಾನೇ ಮಾಡ್ಕೊಂಡಿದ್ದಲ್ಲ ಅಲ್ವೇನಕ್ಕಾ? ಯಾವುದೋ ವೈರಸ್ಸು ಬಂದು ಸೇರ್ಕೊಂಡಿದ್ದು."

"ಇರಬಹುದು ಕಣೇ" ಎಂದರು ಅಕ್ಕ. ತಂಗಿ ಅದನ್ನು ಹೌದೆಂದೇ ಕೇಳಿಸಿಕೊಂಡಳು, ಅಂದು ಹೊಟ್ಟೆತುಂಬ ಉಂಡಳು.

ಗುಪ್ಪೆಗಳ ಲೆಕ್ಕ ಮುಗಿದೊಡನೆ ತಟ್ಟೆಗಳನ್ನು ಎಸೆಯುವುದು ಎಲ್ಲರ ರೂಢಿ. ಸಾಕ್ಷಿಯಮ್ಮ ಸಾಕ್ಷಿಯನ್ನು ಮಾತ್ರ ಮತ್ತಷ್ಟು ಕಾಲ ಇಟ್ಟು ನೋಡುವ ಹಟಮಾರಿ. ಈ ಫಲಿತಾಂಶದ ಪ್ರಬಂಧ ಅಚ್ಚಿಗೆ ಹೋಗಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಕೆಮ್ಮಿ ಬಾಗಿಲು ತೆರೆದು, ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಸಾಕ್ಷಿಯ ಅಂಚಿನಲ್ಲೂ ಒಂದು ಗುಪ್ಪೆ. "ಎಲ್ಲೋ ವೈರಸ್ಸಿನ ಒಂದು ಹನಿ ಸಿಡಿದಿರುತ್ತೆ, ಬಿಸಾಕಿ ಮೇಡಂ" ಎಂದರು ಸುತ್ತಲಿನವರು. ಇವರು ಬಿಸಾಕಲಿಲ್ಲ. ಶಸ್ತ್ರಚಿಕಿತ್ಸೆಗೂ ಮುಂಚೆ ಹೆಪ್ಪುಗಟ್ಟಿಸಿಟ್ಟಿದ್ದ ಹಳೆಯ ಕೋಶಗಳನ್ನು ಕರಗಿಸಿ ಬೆಳೆಸಿ, ಅದೇ ವೈರಸ್ಸನ್ನು ಸೋಕಿಸಿ ಕಾದರು. ಅವು ಎಂದಿನಂತೆ ಒಂದೇ ಪದರವಾಗಿ ಮಲಗಿದ್ದವು.

ಸಹೋದ್ಯೋಗಿಯನ್ನು ಕೇಳಿದರು: "ನಾನಿಲ್ಲದಾಗ ಇವನ್ನ ಬಿಡಿಸಿ ಬೇರೆ ತಟ್ಟೆಗೆ ಹರಡಿದ್ರಾ?"

"ಹರಡೋದಾ? ತಪ್ಪದೆ ಹೊಸ ದ್ರವ ಹಾಕ್ದೆ. ಎಷ್ಟು ಚೆನ್ನಾಗಿ ತುಂಬ್ಕೊಂಡಿದ್ವು ಅಂತೀರಿ!"

ಪಾಪ, ಆ ಸಹೋದ್ಯೋಗಿ ಬೆಳೆಸುತ್ತಿದ್ದುದು ನರಕೋಶಗಳನ್ನು. ಅವು ಇಬ್ಭಾಗವಾಗುವುದೇ ಇಲ್ಲ, ಉಣಿಸಿದರೆ ಸಾಕು. ಇವರ ಕೋಶಗಳಿಗೆ ಊಟದ ಜೊತೆ ಹರಡಿಕೊಳ್ಳಲು ಜಾಗವೂ ಬೇಕಿತ್ತು. ಆ ಇಕ್ಕಟ್ಟಿನಲ್ಲಿ ನಿಲ್ಲಲು ಬಲ್ಲವು ನಿಂತವು, ನಿಲ್ಲುವುದನ್ನು ಮರೆತ ಕೆಲವು ಮಾತ್ರ ಹೆಚ್ಚಿದವು. ಆಮೇಲಿನ ತಟ್ಟೆಗಳಲ್ಲೆಲ್ಲ ಬೆಳೆದದ್ದು ಅವುಗಳ ಸಂತಾನ, ಒಂದರಲ್ಲಿ ಬೇಗ, ಒಂದರಲ್ಲಿ ತಡ. ವೈರಸ್ಸು ನಿರಪರಾಧಿ. ಸಾಕ್ಷಿಯಮ್ಮ ಪ್ರಬಂಧವನ್ನು ಹಿಂತೆಗೆದುಕೊಂಡರು. ಕೋಶಪಾಲನೆಯ ಲೋಪ ತಮ್ಮದೇ ಎಂದು ಬರೆದುಕೊಟ್ಟರು. ಮುಖವೆತ್ತಲಾರದೆ ನಿಂತ ಸಹೋದ್ಯೋಗಿಗೆ ಅವರಂದದ್ದು ಇಷ್ಟೇ: "ನೀವು ಉಣಿಸದೆ ಹೋಗಿದ್ರೆ ಸತ್ತೇ ಹೋಗ್ತಿದ್ವಲ್ಲಪ್ಪಾ."

ಇನ್ನು ತಂಗಿ. ಗಡ್ಡೆ ಮರುಕಳಿಸಿತ್ತು, ವೈದ್ಯರು ಕೈಚೆಲ್ಲಿದ್ದರು. "ಅವಳಿಗೆ ಹೇಳ್ಬೇಡಿ ಅತ್ತಿಗೆ, ಅದೊಂದು ಸಮಾಧಾನಾನಾದ್ರೂ ಇರ್ಲಿ" ಎಂದು ತಂಗಿಯ ಗಂಡ ಕೈಮುಗಿದ. ಹೇಳದಿರಲು ಅವರಿಗೂ ಆಸೆಯಿತ್ತು. ತಂಗಿಯ ಕೋಣೆಯ ಬಾಗಿಲಲ್ಲಿ ನಿಂತು ಸಣ್ಣಗೆ ಕೆಮ್ಮಿದರು.

"ಬಾರಕ್ಕಾ, ಕೆಮ್ಮೋಕೆ ನಾನೇನು ನಿನ್ನ ತಟ್ಟೇನಾ?"

ಹಾಸಿಗೆಯ ಅಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ತಂಗಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಹಾಗಾದ್ರೆ ನಂದೇ ತಪ್ಪು."

"ಅಲ್ಲ ಕಣೇ. ಆ ಸಾಕ್ಷಿ ತಟ್ಟೇಲಿ ವೈರಸ್ಸೂ ಇರ್ಲಿಲ್ಲ, ಯಾರ ಕೇಡೂ ಇರ್ಲಿಲ್ಲ. ಪ್ರೀತಿಯಿಂದ ಉಣಿಸಿ ಸಾಕಿದ್ರು. ಆದ್ರೂ ಆಯ್ತು."

ತಂಗಿ ಅಕ್ಕನ ಕೈ ಹುಡುಕಿದಳು. "ಇದನ್ನ ಪಕ್ಕದ ತಟ್ಟೆ ನೋಡಿಯೇ ಹೇಳ್ತಿದ್ದೀಯಾ?"

"ನೋಡಿಯೇ ಹೇಳ್ತಿದ್ದೀನಿ."

ತಂಗಿ ಕಣ್ಣೊರೆಸಿಕೊಂಡಳು. ಮತ್ತೆಂದೂ ತನ್ನನ್ನು ತಾನು ಹಳಿದುಕೊಳ್ಳದೆಯೇ ತೀರಿಕೊಂಡಳು.

ನಮ್ಮ ನಡುವೆ ಸಂತೈಸುವವರಿಗೇನೂ ಬರವಿಲ್ಲ. ಕೇಳಿದ್ದಕ್ಕೆಲ್ಲ ಹೌದೆಂದು ತಲೆ ಸವರುವ ಸಹೃದಯರು ಬೀದಿಗೊಬ್ಬರಿದ್ದಾರೆ. ಸಾಕ್ಷಿಯಮ್ಮನಂಥವರ ಬಾಯಿಂದ ಸಾಂತ್ವನ ಬರುವುದು ಅಪರೂಪ, ಅದೂ ತಡವಾಗಿ, ಮೊದಲು ನೋಯಿಸಿ. ಆದರೆ ಅವರು ಕೊಟ್ಟದ್ದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ನೆಮ್ಮದಿಯಿಂದ ಕಣ್ಣು ಮುಚ್ಚಬಹುದು.