ಒಂಬತ್ತು ಸಾವಿರಕ್ಕೊಂದು ಪಾರ್ಟು

ನನ್ನ ಮಗಳು ಬಿಂದುಶ್ರೀಯ ಕಂಪ್ಯೂಟರ್ ಆಟದ ನಡುವೆ ಆರಿಹೋಗಲು ಶುರುವಾಗಿ ಹದಿನೈದು ದಿನವಾಗಿತ್ತು. ಇಪ್ಪತ್ತು ನಿಮಿಷ ಆಡುತ್ತಾಳೆ, ಟಪ್ ಎಂದು ಪರದೆ ಕಪ್ಪು. ಬರುವ ಭಾನುವಾರ ನಾಲ್ಕು ಗಂಟೆಗೆ ಬೆಂಗಳೂರಿನ ಒಂದು ಗೇಮಿಂಗ್ ಟೀಮಿಗೆ ಆಯ್ಕೆ ಇತ್ತು. ಮನೆಯಲ್ಲೇ ಕೂತು ಎರಡು ಗಂಟೆ ಬಿಡದೆ ಆಡಿ ತೋರಿಸಬೇಕು, ನಡುವೆ ಆರಿದರೆ ಹೆಸರು ಹೊಡೆದುಹಾಕುತ್ತಾರಂತೆ. ಈ ಒಂದು ಅವಕಾಶಕ್ಕೆ ಅವಳು ಎರಡು ವರ್ಷ ಕಾದಿದ್ದಳು.

ನಾನು ಪಿಳ್ಳಪ್ಪ, ಬೂದಿಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಈ ಆಟಗೀಟ ನನಗೆ ತಿಳಿಯದು, ತಿಳಿಯುವ ಆಸೆಯೂ ಇಲ್ಲ. ಬಂದೂಕು ಹಿಡಿದು ಓಡುವವರನ್ನು ಬಂದೂಕು ಹಿಡಿದವರೇ ಅಟ್ಟಿಸಿಕೊಂಡು ಹೋಗುತ್ತಾರೆ, ಅಷ್ಟೇ. ಆದರೆ ಆಡುವಾಗ ಬಿಂದುವಿನ ಮುಖ ನೋಡಬೇಕು! ಮೂಗು ಸುಕ್ಕಾಗಿ, ನಾಲಿಗೆಯ ತುದಿ ಹೊರಗೆ ಬಂದಿರುತ್ತದೆ. ಎರಡು ವರ್ಷದವಳಿದ್ದಾಗ ಮುದ್ದೆ ಮುರಿಯುತ್ತಿದ್ದದ್ದೂ ಹಾಗೆಯೇ.

ಗಿರಣಿಗೂ ಅವಳ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇದೆ. ಅವಳು ಅಂಬೆಗಾಲಿಡುತ್ತಿದ್ದಾಗ ನನ್ನ ಹೆಂಡತಿ ಪ್ರಮೋದಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಗಿರಣಿ ಓಡಿಸುತ್ತಲೇ ಮಗುವಿನ ಮೇಲೆ ಕಣ್ಣಿಡಲೆಂದು ನಾನೇ ಹಾರೆ ಹಿಡಿದು ಗೋಡೆ ಒಡೆದೆ. ಈಗ ಅವಳಿಗೆ ಹತ್ತೊಂಬತ್ತು. ಕಿಂಡಿಯೂ ಹಾಗೇ ಇದೆ, ನಾನು ಇಣುಕುವುದೂ ಹಾಗೇ ಇದೆ.

ಬಿಂದು ಮಕ್ಕಳಿಗೆ ಟ್ಯೂಷನ್ ಹೇಳಿ ಒಂಬತ್ತು ಸಾವಿರ ಕೂಡಿಟ್ಟಿದ್ದಳು. ಅಷ್ಟಕ್ಕೆ ಬರುವುದು ಒಂದೇ ಪಾರ್ಟು. ಯಾವುದು ಮೊದಲು? ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ನವೀನ್‌ಕುಮಾರ್ ಪಂಡಿತನ ಹಾಗೆ ಬಂದು ಕೂತ.

“ಮಾವ, ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋದೇ ಸರಿ. ಚಿತ್ರ ಬಿಡ್ಸೋದೆಲ್ಲ ಅದೇ. ಇದು ಹಳೇದು, ತಡ್ಕೊಳ್ತಿಲ್ಲ. ಸೆಕೆಂಡ್ ಹ್ಯಾಂಡ್ ಒಂದು ನೋಡಿದೀನಿ.”

“ನನಗ್ಯಾಕೋ ಪವರ್ ಸಪ್ಲೈ ಮೇಲೇ ಡೌಟು,” ಎಂದಳು ಬಿಂದು. “ಕರೆಂಟೇ ಸಾಲ್ದೆ ಆರ್ತಿದ್ರೆ ಕಾರ್ಡ್ ತಂದು ಏನ್ ಮಾಡ್ಲಿ? ಫ್ರೆಂಡ್ಸ್ ನೋಡಿದ್ರೆ ರ್‍ಯಾಮ್ ಹಾಕ್ಸು ಅಂತಾರೆ.”

ಮೂರು ದಿನ ಇದೇ ಪುರಾಣ. ಕೇಳಿ ಕೇಳಿ ನನಗೆ ರೇಗಿತು.

“ಲೇ, ಹಿಟ್ಟು ದಪ್ಪ ಬಂತು ಅಂತ ಯಾರಾದ್ರೂ ಮೊದ್ಲು ಮೋಟ್ರು ಬದಲಾಯಿಸ್ತಾರೇನ್ರೋ? ಮುಟ್ಟಿ ನೋಡ್ಬೇಕು, ಬಿಚ್ಚಿ ನೋಡ್ಬೇಕು. ಎಲ್ಲಿ ಬಿಸಿ ಆಗ್ತೈತೋ ಅಲ್ಲೇ ರೋಗ.”

“ಇದು ರಾಗಿ ಮಿಷನ್ ಅಲ್ಲ ಮಾವ,” ಎಂದು ನವೀನ ನಕ್ಕ.

“ಎಲ್ಲಾ ಮಿಷನ್ನೂ ಒಂದೇ ಕಣೋ. ಬಿಂದು, ನೀನು ಆಡಮ್ಮ. ಆರೋಗಂಟ ಆಡು.”

ಅವಳು ಆಡಿದಳು. ಹದಿನೈದು ನಿಮಿಷ ಬಿಟ್ಟು ಕಂಪ್ಯೂಟರಿನ ಡಬ್ಬಿಯ ಪಕ್ಕಕ್ಕೆ ಅಂಗೈ ಇಟ್ಟೆ. ರೊಟ್ಟಿ ಹೆಂಚಿನ ಹಾಗೆ ಸುಡುತ್ತಿತ್ತು. ಮೂಗು ಹತ್ತಿರ ಒಯ್ದೆ. ಮೂವತ್ತು ವರ್ಷದಿಂದ ನನಗೆ ಗೊತ್ತಿರುವ ವಾಸನೆ, ಸೀದ ರಾಗಿ ಹಿಟ್ಟಿನದು.

ನವೀನ ತೆಪ್ಪಗೆ ಸ್ಕ್ರೂಡ್ರೈವರ್ ತೆಗೆದುಕೊಂಡು ಡಬ್ಬಿ ಬಿಚ್ಚಿದ. ಫ್ಯಾನಿನ ರೆಕ್ಕೆಗಳ ಮೇಲೆ, ಅದರ ಕೆಳಗಿನ ತಗಡುಗಳ ಸಂದಿಸಂದಿಯಲ್ಲಿ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿತ್ತು. ಗಾಳಿ ಆಡಲು ಜಾಗವೇ ಇರಲಿಲ್ಲ. ಮೂವರೂ ಒಟ್ಟಿಗೆ ಕಿಂಡಿಯ ಕಡೆ ನೋಡಿದೆವು. ಬಿಸಿಲುಕೋಲಿನಲ್ಲಿ ನನ್ನ ಗಿರಣಿಯ ಹಿಟ್ಟು ನಿಧಾನವಾಗಿ ಒಳಗೆ ಬರುತ್ತಿತ್ತು. ಮಾಡಿದ್ದುಣ್ಣೋ ಮಹರಾಯ! ಹದಿನೈದು ದಿನದಿಂದ ‘ಹಾಳು ಕಂಪ್ಯೂಟರು’ ಎಂದು ಬಯ್ದಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಬ್ರಷ್ಷಿನಲ್ಲಿ ಉಜ್ಜಿ, ಬ್ಲೋವರ್ ಹಿಡಿದು, ಫ್ಯಾನಿನ ಅಡಿಗೆ ಬಿಸಿ ಎಳೆದುಕೊಳ್ಳುವ ಹೊಸ ಪೇಸ್ಟ್ ಬಳಿದದ್ದಕ್ಕೆ ಮುನ್ನೂರು ರೂಪಾಯಿ ಖರ್ಚು. “ಆದ್ರೆ ಕಿಂಡಿ ಹಿಂಗೇ ಇದ್ರೆ ಯಾವ ಪಾರ್ಟ್ ತಂದ್ರೂ ಅಷ್ಟೇ ಮಾವ, ಮತ್ತೆ ತುಂಬ್ಕೊಳ್ಳುತ್ತೆ,” ಎಂದ ನವೀನ.

“ಇಟ್ಟಿಗೆ ಕಟ್ಟಿಸ್ಬಿಡ್ತೀನಿ,” ಎಂದೆ. ಹೇಳುವಾಗ ಕಣ್ಣು ಮತ್ತೆ ಕಿಂಡಿಯ ಕಡೆಗೇ ಹೋಯಿತು. ಆದರೆ ಬೆಳೆದ ಹುಡುಗಿ. ಅಪ್ಪ ದಿನವಿಡೀ ಇಣುಕುವುದು ಅವಳಿಗೂ ಸಾಕಾಗಿರಬೇಕು, ಪಾಪ, ಬಾಯಿಬಿಟ್ಟು ಹೇಳಿಲ್ಲ ಎಂದುಕೊಂಡೆ.

ಶನಿವಾರ ಗಾರೆ ಕೆಲಸದ ಬೈರಣ್ಣನಿಗೆ ಹೇಳಿ, ನಾನು ಗಿರಣಿಯ ಬೆಲ್ಟ್ ತರುವ ನೆಪದಲ್ಲಿ ಹೊಸಕೋಟೆಗೆ ಹೋದೆ. ಕಿಂಡಿ ಮುಚ್ಚುವುದನ್ನು ನಿಂತು ನೋಡಲು ನನಗೆ ಮನಸ್ಸಿರಲಿಲ್ಲ. ಸಂಜೆ ಬಂದು ನೋಡಿದರೆ ಇಟ್ಟಿಗೆ ಇಲ್ಲ. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ದಪ್ಪನೆಯ ಗಾಜು ಕೂತಿತ್ತು, ಸುತ್ತ ಒಂದು ಎಳೆ ಸಂದಿಯೂ ಇರಲಿಲ್ಲ.

“ಇದೇನ್ ಬೈರಣ್ಣ?”

“ನಿನ್ ಮಗಳು ಹೇಳಿದ್ದು ಕಣಪ್ಪ. ನಾಲ್ಕು ಸಾವಿರ ಆಯ್ತು, ಅವ್ಳೇ ಕೊಟ್ಳು.”

ಕೇಳಿದರೆ ಬಿಂದು, “ನಾಳೆ ಮುಗೀಲಿ, ಹೇಳ್ತೀನಿ,” ಎಂದು ಒಳಗೆ ಹೋದಳು.

ಭಾನುವಾರ ಗಿರಣಿಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ನಾಲ್ಕು ಗಂಟೆಗೆ ಅವಳು ಹೆಡ್‌ಫೋನ್ ಹಾಕಿಕೊಂಡು ಕೂತಳು. ಗಾಜಿನ ಮೇಲೆ ನನ್ನ ಕಡೆ ಹಿಟ್ಟು ಕೂರುವುದು, ನಾನು ಟವೆಲ್ಲಿನಲ್ಲಿ ಒರೆಸುವುದು. ಇಪ್ಪತ್ತು ನಿಮಿಷ ಕಳೆಯಿತು. ಪರದೆ ಆರಲಿಲ್ಲ. ನಾನು ಮತ್ತೆ ಒರೆಸಿದೆ.

“ಏನಪ್ಪಾ ಪಿಳ್ಳಪ್ಪ, ಯಾವ ಸಿನಿಮಾ ಓಡ್ತೈತೆ ಒಳಗೆ?” ರಾಗಿ ತಂದಿದ್ದ ರುಕ್ಮಿಣಮ್ಮಜ್ಜಿ ಕೇಳಿದಳು. “ನನ್ ಹಿಟ್ಟು ಚೆಲ್ಲೋಗ್ತೈತೆ, ಇತ್ಲಾಗ್ ನೋಡು!”

ಒಂದು ಗಂಟೆ ಕಳೆಯಿತು, ಒಂದೂವರೆಯೂ ಕಳೆಯಿತು. ಆರು ಗಂಟೆಗೆ ಬಿಂದು ಹೆಡ್‌ಫೋನ್ ತೆಗೆದಿಟ್ಟು ಗಿರಣಿಗೇ ಬಂದಳು. ನಾನು ಮಿಷನ್ ನಿಲ್ಲಿಸಿದೆ.

“ಏನಾಯ್ತಮ್ಮಾ?”

“ತಗೊಂಡ್ರಪ್ಪಾ! ಎಕ್ಸ್‌ಟ್ರಾ ಪ್ಲೇಯರ್ ಆಗಿ. ಆದ್ರೂ ಟೀಮೇ ಅಲ್ವಾ?”

ಖುಷಿಯಲ್ಲಿ ಹಿಟ್ಟಿನ ಕೈಯನ್ನೇ ಅವಳ ತಲೆಯ ಮೇಲಿಟ್ಟೆ. ಆಮೇಲೆ ತಡೆಯಲಾಗದೆ ಕೇಳಿದೆ: “ಅಲ್ಲ ಕಣವ್ವಾ, ಇಟ್ಟಿಗೆ ಆಗಿದ್ರೆ ಐನೂರ್ರಲ್ಲಿ ಮುಗೀತಿತ್ತು. ಗಾಜಿಗೆ ನಾಲ್ಕು ಸಾವಿರ ಸುರಿದ್ಯಲ್ಲ. ಇನ್ನು ಆ ಹಳೇ ಕಾರ್ಡ್ ಬದಲಾಯಿಸೋಕೆ ಏನ್ ಮಾಡ್ತೀಯ?”

“ಇಟ್ಟಿಗೆ ಹಾಕಿದ್ರೆ ನೀನು ಕಾಣಲ್ವಲ್ಲಪ್ಪ. ಚಿಕ್ಕೋಳಿದ್ದಾಗಿಂದ ತಲೆ ಎತ್ತಿದ್ರೆ ಅಲ್ಲಿ ನೀನಿರ್ತಿದ್ದೆ. ನೀನೊಬ್ನೇ ನೋಡ್ತಿದ್ದೆ ಅಂದ್ಕೊಂಡಿದ್ಯಾ?”

ಮುಚ್ಚಿಡುವುದೇನು, ಅತ್ತುಬಿಟ್ಟೆ. ಇನ್ನೊಂದು ಚೀಲ ರಾಗಿ ತಂದು ಕಾಯುತ್ತಿದ್ದ ರುಕ್ಮಿಣಮ್ಮಜ್ಜಿಯ ಎದುರಿಗೇ ಅತ್ತೆ. ಬಿಂದು ನನ್ನ ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಗಾಜನ್ನು ಮೂಲೆ ಬಿಡದೆ ಒರೆಸಿದಳು.

“ಕಾರ್ಡು ಮುಂದಿನ ವರ್ಷ ಆಯ್ತು ಬಿಡು,” ಎಂದಳು. “ಈಗ ಮಿಷನ್ ಹಾಕು, ಅಜ್ಜಿ ಕಾಯ್ತಾವ್ರೆ.”