ನಿಜಾಮುದ್ದೀನರ ಹೆಬ್ಬೆರಳು

ಬಿಸಿನೀರಿಗೆ ಬರಲಿಲ್ಲ, ಸೋಪಿಗೂ ಬರಲಿಲ್ಲ. ಮುಸವೀರ್ ಸತ್ತ ತಂದೆಯ ಕೈ ಹಿಡಿದುಕೊಂಡು ಮೂರನೇ ಸಲ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ. ಹೆಬ್ಬೆರಳಿಗೆ ಅಂಟಿದ್ದ ಹಿತ್ತಾಳೆ ಕೊಳವೆ ಇನ್ನಷ್ಟು ಹೊಳೆಯಿತೇ ಹೊರತು ಕದಲಲಿಲ್ಲ.

"ಎಳೀಬ್ಯಾಡ ಕಣ್ಲಾ, ಚರ್ಮ ಕಿತ್ಕಂಡು ಬತ್ತದೆ!" ಪರದೆಯ ಆಚೆಯಿಂದ ಸೋಮಯ್ಯ ಕೂಗಿದರು. ಗಾವಡಗೆರೆಯ ಬಡಗಿ, ಸತ್ತವರಿಗೆ ನಲವತ್ತು ವರ್ಷದ ಗೆಳೆಯ. ಮಯ್ಯತ್ತಿಗೆ ಸ್ನಾನ ಮಾಡಿಸುವ ಕಡೆ ತನಗೆ ಕೆಲಸವಿಲ್ಲ ಎಂದು ಅವರಿಗೆ ಗೊತ್ತಿತ್ತು. ಸಲಹೆ ಕೊಡುವುದಕ್ಕೆ ಅಡ್ಡಿಯಿಲ್ಲವೆಂದು ಪರದೆಗೆ ಬೆನ್ನು ಹಾಕಿ ಕುರ್ಚಿ ಎಳೆದುಕೊಂಡು ಕೂತಿದ್ದರು.

ಆಗಿದ್ದು ಇಷ್ಟೇ. ಹುಣಸೂರಿನಲ್ಲಿ ಲೇತ್ ಇಟ್ಟುಕೊಂಡು ಮರದ ಪೆನ್ನು ಕಡೆಯುತ್ತಿದ್ದ ನಿಜಾಮುದ್ದೀನ್ ನಿನ್ನೆ ಸಂಜೆ ಮರದ ತುಂಡಿನೊಳಗೆ ಕೊಳವೆ ಕೂರಿಸಲು ಕ್ಷಣದಲ್ಲೇ ಕಚ್ಚಿಕೊಳ್ಳುವ ಗಮ್ಮು ಹಚ್ಚುತ್ತಿದ್ದರು. ಕೊಳವೆ ಮರ ಬಿಟ್ಟು ಬೆರಳಿಗೆ ಅಂಟಿತು. ಅದಾಗಿ ಹತ್ತು ನಿಮಿಷಕ್ಕೆ ಎದೆನೋವು ಬಂದು ಅವರು ಹೋಗಿಬಿಟ್ಟರು, ಕೊಳವೆ ಮಾತ್ರ ಹೋಗಲಿಲ್ಲ. ಸ್ನಾನದ ನೀರು ಮೈಯ ಪ್ರತಿ ಜಾಗಕ್ಕೂ ತಾಗಬೇಕು. ಮಧ್ಯಾಹ್ನದ ಜೋಹರ್ ನಮಾಜು ಮುಗಿದ ಮೇಲೆ ಮಣ್ಣು. ಆಗಲೇ ಗಂಟೆ ಹನ್ನೊಂದೂವರೆ.

"ಬರದೇ ಇದ್ರೆ ಹಾಗೇ ಬಿಡಬಹುದು," ಎಂದರು ಮಸೀದಿಯ ಹಜರತ್. "ಮಯ್ಯತ್ತಿಗೆ ನೋವು ಕೊಡಬಾರದು. ಅಲ್ಲಾಹ್ ಮಾಫ್ ಮಾಡ್ತಾನೆ."

"ಅವನು ಮಾಡ್ತಾನೆ, ನಾನು ಮಾಡಲ್ಲ!" ಒಳಗಿನಿಂದ ದಿಲ್ಶಾದ್ ಬೇಗಂ. ಮನೆಯಲ್ಲಿ ಉರ್ದು ಮಾತಾಡುವ ಆಕೆ ಗಂಡನನ್ನು ಬೈಯುವುದು ಮಾತ್ರ ಕನ್ನಡದಲ್ಲಿ, ಬೀದಿಗೂ ಅರ್ಥವಾಗಲಿ ಎಂದು. "ಗಮ್ಮಿನ ಕೈಯಲ್ಲಿ ವುಜೂ ಆಗಲ್ಲ, ನಮಾಜು ಆಗಲ್ಲ ಅಂತ ನಲವತ್ತು ವರ್ಷ ಬಡ್ಕೊಂಡೆ. ಈಗ ಗಮ್ಮಿನ ಸಮೇತ ಕಳಿಸಿದ್ರೆ ಅಲ್ಲಿ ಕೇಳೋದು ನನ್ನನ್ನೇ!" ಬೈಯಲು ಶುರುಮಾಡಿದವರು ಅಳುವುದರಲ್ಲಿ ಮುಗಿಸಿದರು.

* * *

ಆ ಜಗಳ ಮದುವೆಯಷ್ಟೇ ಹಳೆಯದು. ಹೆಂಡತಿಯ ಬಾಯಿಗೆ ಹೆದರಿ ನಿಜಾಮುದ್ದೀನ್ ಪ್ರತಿ ನಮಾಜಿಗೆ ಮೊದಲು, ಕೈಕಾಲು ಮುಖ ತೊಳೆಯುವ ವುಜೂ ಹೊತ್ತಿಗೆ ಚರ್ಮಕ್ಕೆ ನೀರು ತಾಗಲೆಂದು, ಉಪ್ಪುಕಾಗದದಲ್ಲಿ ಬೆರಳು ಉಜ್ಜುತ್ತಿದ್ದರು. ದಿನಕ್ಕೆ ಐದು ಸಲ. ಕಡೆದ ಮರಕ್ಕಿಂತ ಬೆರಳೇ ನುಣುಪಾಯಿತು. ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಮೆಷಿನ್ ಬಂದಾಗ ಹತ್ತೂ ಬೆರಳು ಒತ್ತಿ ನೋಡಿದರು. ಮೆಷಿನ್ ಒಂದನ್ನೂ ಒಪ್ಪಲಿಲ್ಲ.

"ಸಾಹೇಬ್ರೇ, ಇದ್ರ ಪ್ರಕಾರ ನೀವು ಇಲ್ವೇ ಇಲ್ಲ," ಎಂದ ಅಂಗಡಿಯ ಗೌರೀಶ್.

"ಒಳ್ಳೇದಾಯ್ತು ಬಿಡಪ್ಪ, ಅಕ್ಕಿ ಹೊರೋದು ತಪ್ತು," ಎಂದರು. ಅಂದಿನಿಂದ ಹೆಬ್ಬೆಟ್ಟು ಒತ್ತುವ ಕೆಲಸ ದಿಲ್ಶಾದ್ ಬೇಗಂ ಪಾಲಿಗೆ ಬಂತು.

ಲೇತಿನ ಮುಂದೆ ಮಾತ್ರ ಆ ಬೆರಳು ಹೇಳಿದ್ದೇ ಲೆಕ್ಕ. ಪೆನ್ನಿನ ನಡುವೆ ಲೋಹದ ಬಳೆ ಕೂರುವ ಕಡೆ ಮರವನ್ನು ಒಂದು ಸಣ್ಣ ಮೆಟ್ಟಿಲಿನ ಹಾಗೆ ಕಡೆದು ತೆಳ್ಳಗೆ ಮಾಡಬೇಕು. ಅದನ್ನು ಅವರು ಬೆರಳಲ್ಲೇ ಸವರಿ ಅಳೆಯುತ್ತಿದ್ದರು. "ಕೂದಲೆಳೆಯಷ್ಟು ಹೆಚ್ಚು ಕಡೆದ್ರೂ ಬಳೆ ಅಲ್ಲಾಡ್ತದೆ ಸೋಮಯ್ಯ, ಮನೆಯಳಿಯ ಇದ್ದಂಗೆ," ಎನ್ನುವರು. ಗಾವಡಗೆರೆಗೆ ಮನೆಯಳಿಯನಾಗಿಯೇ ಬಂದಿದ್ದ ಸೋಮಯ್ಯ ಎರಡು ದಿನ ಅಂಗಡಿ ಕಡೆ ತಲೆ ಹಾಕುತ್ತಿರಲಿಲ್ಲ.

* * *

ಒಳಗೆ ದಿಲ್ಶಾದ್ ಬೇಗಂ ಬಂದವರಿಗೆಲ್ಲ ಹೇಳಿದ್ದನ್ನು ಏಳನೇ ಸಲ ಹೇಳುತ್ತಿದ್ದರು. "ಕೊನೇ ಮಾತು ನೀರು. 'ನಿಶೂ, ಆ ನೀರು ತಾ' ಅಂತ ಮೊಮ್ಮಗಳನ್ನ ಕೂಗಿದ್ರು. ಅವಳಿನ್ನೂ ಕಾಲೇಜಿಂದ ಬಂದಿರಲಿಲ್ಲ. ನಾನೇ ಓಡಿಹೋಗಿ ಮಕ್ಕಾದಿಂದ ತಂದ ಜಮ್‌ಜಮ್ ನೀರು ಕೊಟ್ಟೆ. ಲೋಟ ನೋಡಿದ್ರು, ನನ್ನ ಮುಖ ನೋಡಿದ್ರು, ನಕ್ಕು ಕುಡಿದ್ರು. ಅಷ್ಟೇ."

"ಇಂಥ ಸಾವು ಕೇಳ್ಕಂಡ್ರೂ ಸಿಕ್ಕಲ್ಲ ಬುಡಿ," ಪಕ್ಕದ ಮನೆಯ ಭದ್ರಮ್ಮ ಕಣ್ಣೊರೆಸಿಕೊಂಡರು. "ನಮ್ಮೆಜಮಾನ್ರು ಸಾಯೋವಾಗ ಬೀಡಿ ಕೇಳುದ್ರು."

ಮೂಲೆಯಲ್ಲಿದ್ದ ಮೊಮ್ಮಗಳು ನಿಶತ್ ಇನ್ನು ತಡೆಯಲಾರದೆ ಎದ್ದು ನಿಂತಳು. "ದಾದಿ, ಅದು ಕುಡಿಯೋ ನೀರಲ್ಲ."

ಕಾಲೇಜು ಬ್ಯಾಗಿನಿಂದ ಒಂದು ಪುಟ್ಟ ಗುಲಾಬಿ ಬಾಟ್ಲಿ ತೆಗೆದಳು. "ಇದು. ಉಗುರುಬಣ್ಣ ತೆಗೆಯೋ ನೀರು. ಗಮ್ಮೂ ಇದ್ರಲ್ಲೇ ಹೋಗುತ್ತೆ. ಎರಡು ವರ್ಷದಿಂದ ದಾದಾ ಉಪ್ಪುಕಾಗದ ಮುಟ್ಟಿಲ್ಲ, ಇಬ್ರೂ ಇದನ್ನೇ ಹಂಚ್ಕೊಳ್ತಿದ್ವಿ. ನಿನ್ನೆ ನಾನು ಮರೆತು ಬ್ಯಾಗಲ್ಲಿ ಹಾಕ್ಕೊಂಡು ಹೋದೆ."

ಉಗುರುಬಣ್ಣ ಹಚ್ಚಿದರೂ ವುಜೂ ಆಗುವುದಿಲ್ಲವೆಂದು ಆ ಮನೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಹೆಂಗಸರೆಲ್ಲ ಅಳು ನಿಲ್ಲಿಸಿ ದಿಲ್ಶಾದ್ ಬೇಗಂ ಮುಖ ನೋಡಿದರು.

"ಯಾವ ಬಣ್ಣ?"

"ಕೆಂಪು."

"ಹಾಗಾದ್ರೆ ಅವರ ನಮಾಜು..."

"ಎಲ್ಲಾ ಸರಿಯಾಗೇ ಆಗಿದೆ ದಾದಿ."

"ಎರಡು ವರ್ಷ ಸುಮ್‌ಸುಮ್ನೆ ಬೈದೆನಲ್ಲೇ! ಒಂದು ಮಾತು ಹೇಳಬಾರದಿತ್ತಾ ಅವರು?"

"ಹೇಳಿದ್ರೆ ನಾನು ಸಿಕ್ಕಿಹಾಕ್ಕೊಳ್ತಿದ್ದೆ. ಅದಕ್ಕೇ ಬೈಸ್ಕೊಂಡ್ರು."

ದಿಲ್ಶಾದ್ ಬೇಗಂ ಬಾಟ್ಲಿ ಕಿತ್ತುಕೊಂಡರು. ಹೊಡೆಯುತ್ತಾರೆಂದು ನಿಶತ್ ಕಣ್ಣು ಮುಚ್ಚಿದಳು. "ನಿಂತ್ಕೊಂಡು ಏನು ನೋಡ್ತೀಯ? ಹತ್ತಿ ತಾ, ಜೋಹರ್‌ಗೆ ಹೊತ್ತಾಯ್ತು," ಎಂದರು ಆಕೆ.

ಬಾಟ್ಲಿ ಪರದೆಯ ಕಡೆ ಹೋಗುವಾಗ ಸೋಮಯ್ಯ ಮೂಸಿ ನೋಡಿದರು. "ನಂಗೂ ಒಂದ್ ಮಾತು ಯೋಳ್ನಿಲ್ವಲ್ಲ ಈವಯ್ಯ! ನಾನಿನ್ನೂ ಚಾಕಲ್ಲಿ ಕೆರ್ಕತಾವ್ನಿ," ಎಂದವರು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಒಳಗೆ ಮುಸವೀರ್ ಹತ್ತಿಯನ್ನು ನೆನೆಸಿ ಅಂಚಿನ ಸುತ್ತ ಇಟ್ಟು, ಕಾದು, ಮೆಲ್ಲಗೆ ತಿರುವಿದ. ಕೊಳವೆ ಬಿಟ್ಟುಕೊಂಡಿತು. ಉಳಿದ ಗಮ್ಮನ್ನೂ ಒರೆಸಿ ಹೆಬ್ಬೆರಳಿಗೆ ಮೂರು ಸಲ ನೀರು ಹೊಯ್ದ.

ಗಂಡನನ್ನು ಹೊತ್ತ ಜನಾಜಾ ಬೀದಿಯ ತಿರುವು ದಾಟಿದ ಮೇಲೆ ದಿಲ್ಶಾದ್ ಬೇಗಂ ಆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿತ್ತಾಳೆಯ ಮೇಲೆ ಒಂದು ಪಟ್ಟಿ ಗಮ್ಮು ಬೆಳ್ಳಗೆ ಒಣಗಿ ಉಳಿದಿತ್ತು. ಅದರ ತುಂಬ, ಎರಡು ವರ್ಷದಲ್ಲಿ ಮತ್ತೆ ಮೂಡಿದ್ದ ಹೆಬ್ಬೆರಳಿನ ಗೆರೆಗಳು, ಒಂದೂ ಅಳಿಸದೆ.

ಆಕೆ ಕಪಾಟು ತೆಗೆದರು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ, ಗಂಡನ ಫೋಟೋದ ಪಕ್ಕ, ಕೊಳವೆಯನ್ನಿಟ್ಟು ಜಿಪ್ ಎಳೆದರು.