ಎರಡು ಗಂಟೆಗೆ ಎಷ್ಟು ಗಾಳಿ ಬೇಕು

ಎಲ್ಲಿಂದ ಶುರು ಮಾಡಲಿ? ವಿಮಾನ ನೆಲ ಬಿಟ್ಟಲ್ಲಿಂದಲೋ, ಇವನು ಮನೆ ಬಿಟ್ಟಲ್ಲಿಂದಲೋ? ನಗಬೇಡಿ. ಒಂದು ಮದುವೆ ಈ ಪ್ರಶ್ನೆಯ ಮೇಲೇ ನಿಂತಿದೆ.

೧
ಇವನು ಲಿಫ್ಟ್ ಮೆಕ್ಯಾನಿಕ್. ಅವಳು ಇನ್ನೊಂದು ಊರಿನ ಹಲ್ಲಿನ ಡಾಕ್ಟರು. ಕೆಲಸದ ಮೇಲೆ ಆ ಊರಿಗೆ ಹೋದವನು ದವಡೆ ಊದಿಸಿಕೊಂಡು ಅವಳ ಕುರ್ಚಿಯಲ್ಲಿ ಕೂತ. ಹಲ್ಲು ಕಳೆದುಕೊಂಡು ಎದ್ದ. (ಮೊದಲ ಡ್ರಾಫ್ಟಿನಲ್ಲಿ ‘ಹೃದಯವನ್ನೂ’ ಎಂದಿತ್ತು. ಹೊಡೆದುಹಾಕಿದೆ. ನನಗೂ ಮಾನ ಇದೆ.)

೨
ಫೋನಿನ ಮಾತು ಮದುವೆಯವರೆಗೆ ಬಂತು. ಇಬ್ಬರೂ ತಮ್ಮ ಊರಿನ ಕೆಲಸ ಬಿಡುವವರಲ್ಲ. ಅವಳು ಒಂದೇ ಶರತ್ತು ಹಾಕಿದಳು: “ಎರಡು ಗಂಟೆಗಿಂತ ದೂರ ಇರೋ ಗಂಡ ನನಗೆ ಬೇಡ.” ಕಾರಣವಿತ್ತು. ಮಾಜಿ ಗಂಡ ದೂರದಿಂದ ಬರುತ್ತಿದ್ದ, ಉಂಡು ಮಲಗುತ್ತಿದ್ದ, ಎದ್ದು ಹೊರಡುತ್ತಿದ್ದ. ಅವನ ಗೊರಕೆಯ ಪರಿಚಯ ಅವಳಿಗೆ ಚೆನ್ನಾಗಿ ಆಯಿತು, ಅವನದಾಗಲಿಲ್ಲ.

ಇವನು ನೆಟ್‌ನಲ್ಲಿ ಎರಡೂ ಊರಿನ ಹೆಸರು ಹಾಕಿ ವಿಮಾನಕ್ಕೆ ಎಷ್ಟು ಹೊತ್ತು ಎಂದು ಹುಡುಕಿದ. ಒಂದು ಸೈಟು ಒಂದು ಗಂಟೆ ಐವತ್ತು ನಿಮಿಷ ಎಂದಿತು, ಇನ್ನೊಂದು ಎರಡು ಗಂಟೆ ಹತ್ತು. ಎರಡರ ಕೆಳಗೂ ಸಣ್ಣಕ್ಷರದಲ್ಲಿ: ಗಾಳಿಯನ್ನು ಅವಲಂಬಿಸಿದೆ.

ಇವನು ತಲೆಯೆತ್ತಿ ನನ್ನನ್ನು ನೋಡಿದ.

“ಸಾರ್, ಗಾಳಿ ನಿಮ್ಮ ಕೈಲೇ ಇದೆಯಲ್ಲ?”

“ಇದೆ. ಆದ್ರೆ ಕಥೆ ಅಂದ್ಮೇಲೆ ಸ್ವಲ್ಪ ಸಂಘರ್ಷ ಬೇಕಪ್ಪಾ.”

“ಅದಕ್ಕೆ ನನ್ನ ಮದುವೇನೇ ಸಿಕ್ತಾ? ಹಿಂದಿನಿಂದ ಒಂಚೂರು ಊದಿ ಸಾರ್!”

೩ (ಬಿಟ್ಟುಬಿಟ್ಟದ್ದು)
ಎದುರುಗಾಳಿ. ಮೋಡ. ಗಗನಸಖಿಯ ಮುಖದಲ್ಲಿ ಅರ್ಥಗರ್ಭಿತ ಮೌನ. (ಅನುವಾದಿತ ಕಾದಂಬರಿಗಳನ್ನು ಓದಿ ಕೆಟ್ಟವನ ಲಕ್ಷಣ.)

೪
ಊದಿದೆ. ವಿಮಾನ ಎರಡು ಗಂಟೆಯೊಳಗೆ ಆರಾಮವಾಗಿ ಇಳಿಯಿತು. ಇವನು ಕುಣಿಯುತ್ತಾ ಹೋಗಿ ಅವಳ ಮನೆಯ ಬೆಲ್ ಒತ್ತಿದ. ಅವಳು ಬಾಗಿಲು ತೆರೆಯದೆ ಇದ್ದಿದ್ದರೆ ಕಥೆ ಇಲ್ಲಿಗೆ ಸುಖಾಂತ.

“ಬೆಳಿಗ್ಗೆ ಮನೆ ಬಿಟ್ರಿ. ಈಗ ಊಟದ ಹೊತ್ತು ಮೀರ್ತಿದೆ.”

“ಡಾಕ್ಟ್ರೇ, ಅದು ಚೆಕ್-ಇನ್ನು, ಕ್ಯೂ, ಟ್ಯಾಕ್ಸಿ! ಹಾರಿದ್ದಷ್ಟೇ ಲೆಕ್ಕ ಅಲ್ವಾ?”

“ಹಾರೋದು ವಿಮಾನ. ಸುಸ್ತಾಗೋದು ನೀವು.”

ಇವನು ನನ್ನ ಕಡೆ ತಿರುಗಿದ. ನಾನು ಛಾವಣಿ ನೋಡಿದೆ. ಗಾಳಿಯೇನೋ ಸರಿ, ಕ್ಯೂ ಓಡಿಸುವುದು ಯಾವ ಕಥೆಗಾರನಿಂದಲೂ ಆಗದ ಕೆಲಸ.

“ಹಲ್ಲು ಕೀಳೋವಾಗ ಐದೇ ನಿಮಿಷ ಅಂದ್ರಿ. ಒಂದು ಗಂಟೆ ಬಾಯಿ ಬಿಟ್ಕೊಂಡು ಕೂತಿದ್ದೆ. ನಾನೇನಾದ್ರೂ ಕೇಳಿದ್ನಾ?”

“ಕೇಳೋಕೆ ಬಾಯಿ ಖಾಲಿ ಇರ್ಲಿಲ್ಲ.”

“ಇವತ್ತು ಖಾಲಿ ಇದೆ, ಕೇಳ್ತೀನಿ. ಕ್ಯೂ ಉದ್ದಕ್ಕೂ ಫೋನಲ್ಲಿ ನನ್ನ ಜೊತೆ ಜಗಳ ಆಡಿದ್ದು ಯಾರು?”

“ನಾನು.”

“ಟ್ಯಾಕ್ಸೀಲಿ?”

“...ನಾನೇ.”

“ಹಾಗಿದ್ರೆ ಅದನ್ನ ಕಳೀರಿ. ಜೊತೇಲಿ ಜಗಳ ಆಡ್ತಿದ್ದೋರು ದೂರ ಇದ್ರು ಅಂತ ಹೇಗಾಗುತ್ತೆ?”

೫
ಅವಳು ಬೆರಳು ಮಡಿಸಿ ಎಣಿಸಿದಳು. “ಎಷ್ಟಾಯ್ತು?” ಇವನೂ ನಾನೂ ಒಟ್ಟಿಗೇ ಕೇಳಿದೆವು.

“ನಿಮ್ಮನ್ನ ಯಾರ್ರೀ ಕರೆದಿದ್ದು?” ಎಂದು ನನ್ನನ್ನು ಗದರಿ, ಇವನನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು.

ಮುಕ್ತಾಯ ಒಂದು: ಲೆಕ್ಕ ಎರಡರೊಳಗೆ, ಮದುವೆ. ಮುಕ್ತಾಯ ಎರಡು: ಲೆಕ್ಕ ಮೀರಿತು, ಊಟ ಹಾಕಿ ವಾಪಸ್ಸು. ಮುಕ್ತಾಯ ಮೂರು... ತಾಳಿ, ಒಳಗೆ ಮಾತು ನಡೆದಿದೆ.

“ಲಗೇಜಿಗೆ ಕಾಯೋವಾಗ ಫೋನ್ ಮಾಡ್ಲಿಲ್ಲ. ಅದನ್ನ ಸೇರಿಸ್ಬೇಕು.”

“ನಾನು ಲಗೇಜೇ ತಂದಿಲ್ಲ!”

“ಯಾಕೆ? ಇರೋಕೆ ಬರೋರು ಬಟ್ಟೆ ತರಲ್ವಾ?”

ಇವನು ಏನೋ ಅಂದ. ಬಾಗಿಲಿಗೆ ಕಿವಿ ಒತ್ತಿ ನಿಂತಿದ್ದೇನೆ. ಓದುಗರೇ, ದಯವಿಟ್ಟು ಪುಟ ಮಗುಚುವುದನ್ನು ನಿಲ್ಲಿಸಿ, ಆ ಸದ್ದಿಗೆ ಏನೂ ಕೇಳಿಸುತ್ತಿಲ್ಲ